ಮುಚ್ಚಿದ ಲಕೋಟೆಯ ಆರು ತಿಂಗಳು

ಆ ಬೈಂಡಿಂಗ್ ಅಂಗಡಿಯಲ್ಲಿ ಹೊಲಿಗೆ ಹೆಂಡತಿಯದು. ರಟ್ಟು ಕತ್ತರಿಸುವುದು, ಅಂಟು ಬಳಿಯುವುದು, ಗಿರಾಕಿಗಳ ಜೊತೆ ಹರಟುವುದು ಗಂಡನದು. ಮೂವತ್ತು ವರ್ಷದಿಂದ ಹೀಗೇ ನಡೆದಿತ್ತು. ಹೊಲಿದ ಪುಸ್ತಕಗಳನ್ನು ಕಬ್ಬಿಣದ ಪ್ರೆಸ್ಸಿನಲ್ಲಿಟ್ಟು ತಿರುಪು ಬಿಗಿಯುವುದೂ ಅವಳೇ. ಗಂಡ ಬಿಗಿದರೆ ಒಂದು ಮೂಲೆ ಸೊಟ್ಟಗಾಗುತ್ತಿತ್ತು.

ಒಂದು ಚಳಿಯ ಬೆಳಿಗ್ಗೆ ತಿರುಪಿನ ಮೇಲೆ ಕೈಯಿಟ್ಟಾಗ ಮೊದಲ ಸಲ ಅವಳ ಎದೆ ಹಿಡಿಯಿತು. ಯಾರೋ ಮೊಣಕೈ ಊರಿ ನಿಂತ ಹಾಗೆ. ನೋವು ಎಡ ದವಡೆಗೂ ಏರಿತು. ಸ್ಟೂಲಿನ ಮೇಲೆ ಹತ್ತು ನಿಮಿಷ ಕೂತ ಮೇಲೆ ಇಳಿಯಿತು. ವಾರದಲ್ಲಿ ಮೂರು ಸಲ ಹಾಗಾದಾಗ ಗಂಡನೇ ಗಾಬರಿಬಿದ್ದು ಆಸ್ಪತ್ರೆಗೆ ಕರೆದೊಯ್ದ. ಮಣಿಕಟ್ಟಿನಿಂದ ನಳಿಗೆ ತೂರಿಸಿ ಆಂಜಿಯೋಗ್ರಾಂ ಮಾಡಿದ ಡಾಕ್ಟರು ಪರದೆಯ ಮೇಲೆ ರಕ್ತನಾಳಗಳನ್ನು ತೋರಿಸಿ, "ಎಲ್ಲೂ ಬ್ಲಾಕ್ ಇಲ್ಲ, ನಿಶ್ಚಿಂತೆಯಾಗಿ ಮನೆಗೆ ಹೋಗಿ" ಅಂದರು. ಇರಲಿ ಎಂದು ಒಂದು ಮಾತ್ರೆಯನ್ನೂ ಬರೆದುಕೊಟ್ಟರು.

ಮನೆಯವರಿಗೆಲ್ಲ ಹೋದ ಜೀವ ಬಂದಂತಾಯಿತು. ಗಂಡನಂತೂ ಅಂಗಡಿಗೆ ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು: "ನಮ್ಮ ಯಜಮಾನಿ ಎದೇನ ಕ್ಯಾಮೆರಾ ಹಾಕಿ ನೋಡಿದಾರೆ ಸ್ವಾಮಿ. ಗಾಜಿನ ಹಾಗಿದೆಯಂತೆ. ನೋವು ಬರೋದೆಲ್ಲ ನನ್ನ ಮುಖ ನೋಡಿದಾಗ ಮಾತ್ರ." ಗಿರಾಕಿಗಳು ನಗುತ್ತಿದ್ದರು, ಅವಳೂ ನಗುತ್ತಿದ್ದಳು.

ನೋವು ಮಾತ್ರ ಹೋಗಲಿಲ್ಲ. ಹೇಳಿದರೆ ರಿಪೋರ್ಟನ್ನೇ ಸುಳ್ಳು ಮಾಡಲು ಹೊರಟವಳಂತೆ ಎಲ್ಲರೂ ನೋಡುತ್ತಿದ್ದರು. ಗಂಡನ ಅಕ್ಕ ಒಂದು ದಿನ ಬುದ್ಧಿ ಹೇಳಿದರು: "ಸುಮ್ಮನೆ ಕೂತು ಯೋಚನೆ ಮಾಡಿದ್ರೆ ಎಲ್ಲಾ ಕಡೆ ನೋಯುತ್ತೆ ಕಣಮ್ಮಾ."

"ಸುಮ್ಮನೆ ಕೂರೋಕೆ ನನಗೆಲ್ಲಿ ಪುರುಸೊತ್ತಿದೆ ಅತ್ತಿಗೆ?" ಅಂದಳು. ಆದರೆ ಆ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತು. ಅಂದಿನಿಂದ ಎದೆ ಹಿಡಿದಾಗ ಕಾಗದ ಎಣಿಸುವ ನೆಪ ಮಾಡಿ ಹಿಂದಿನ ಕೋಣೆಗೆ ಹೋಗುವಳು. ಬಂಡಲುಗಳಿಗೆ ಒರಗಿ ಕಣ್ಣು ಮುಚ್ಚಿ ನಿಲ್ಲುವಳು. ಹೀಗೆ ಎರಡು ವರ್ಷ ಕಳೆಯಿತು. ಇದೆಲ್ಲ ತನ್ನ ಭ್ರಮೆಯೇ ಇರಬೇಕೆಂದು ಅವಳಿಗೂ ಅನ್ನಿಸತೊಡಗಿತ್ತು.

ಆಗ ಒಬ್ಬ ಡಾಕ್ಟರಮ್ಮ ತಮ್ಮ ಸಂಶೋಧನಾ ಪ್ರಬಂಧದ ಐದು ಪ್ರತಿಗಳನ್ನು ಬೈಂಡಿಂಗಿಗೆ ತಂದುಕೊಟ್ಟರು. ಹೊಲಿಯುವ ಮುಂಚೆ ಪುಟಗಳ ಕ್ರಮ ನೋಡುವುದು ಅವಳ ಪದ್ಧತಿ. ನೋಡುತ್ತಾ ನೋಡುತ್ತಾ ಕೈ ನಿಂತಿತು. ದೊಡ್ಡ ರಕ್ತನಾಳಗಳು ತೆರೆದೇ ಇದ್ದರೂ ಎದೆನೋವು ಪಡುವವರ ಬಗ್ಗೆ ಬರೆದಿದ್ದರು. ಆಂಜಿಯೋಗ್ರಾಂನಲ್ಲಿ ಕಾಣದಷ್ಟು ಸಣ್ಣ ನಾಳಗಳು ಇದ್ದಕ್ಕಿದ್ದಂತೆ ಬಿಗಿದುಕೊಳ್ಳಬಹುದಂತೆ. ಇಂಥವರಲ್ಲಿ ಹೆಂಗಸರೇ ಹೆಚ್ಚಂತೆ.

ಪ್ರತಿಗಳನ್ನು ಒಯ್ಯಲು ಡಾಕ್ಟರಮ್ಮ ಬಂದಾಗ ಅವಳು ಮೆಲ್ಲಗೆ ಅಂದಳು: "ತಪ್ಪು ತಿಳ್ಕೋಬೇಡಿ ಡಾಕ್ಟ್ರೇ. ಪುಟ ಜೋಡಿಸೋವಾಗ ನಾಲ್ಕು ಸಾಲು ಓದಿಬಿಟ್ಟೆ."

"ನಾಲ್ಕೇ ಸಾಲಾ?"

"ನಾಲ್ಕು ಅಧ್ಯಾಯ."

ಡಾಕ್ಟರಮ್ಮ ನಕ್ಕರು. "ನಮ್ಮ ಪರೀಕ್ಷಕರು ಅಷ್ಟು ಓದಿದ್ರೆ ಸಾಕಿತ್ತು. ಯಾಕಮ್ಮ, ಏನು ವಿಷಯ?"

ಅವಳು ಎಲ್ಲವನ್ನೂ ಹೇಳಿದಳು. ಅಂಟಿನ ಕುಂಚ ಹಿಡಿದಿದ್ದ ಗಂಡ ಅವಳು ಹಿಂದಿನ ಕೋಣೆಗೆ ಹೋಗಿ ನಿಲ್ಲುತ್ತಿದ್ದ ವಿಷಯ ಕೇಳಿದ್ದು ಅದೇ ಮೊದಲು.

ಡಾಕ್ಟರಮ್ಮನ ತಂಡ ಆಗ ಇನ್ನೂ ದೊಡ್ಡದೊಂದು ಅಧ್ಯಯನ ಶುರುಮಾಡಿತ್ತು. ಮತ್ತೆ ನಳಿಗೆ ತೂರಿಸಿ, ಹೃದಯದ ನಾಳದೊಳಗೆ ಒಂದು ಔಷಧಿ ಬಿಟ್ಟು ಸಣ್ಣ ನಾಳಗಳು ಹೇಗೆ ವರ್ತಿಸುತ್ತವೆಂದು ನೋಡುತ್ತಾರೆ. ಆದರೆ ಒಂದು ಷರತ್ತಿತ್ತು. ಅರ್ಧ ಜನರಿಗೆ ಫಲಿತಾಂಶ ಕೂಡಲೇ ತಿಳಿಸಿ ಅದಕ್ಕೆ ತಕ್ಕ ಮಾತ್ರೆ ಕೊಡುತ್ತಾರೆ. ಉಳಿದರ್ಧದವರದು ಆರು ತಿಂಗಳು ಲಕೋಟೆಯಲ್ಲೇ ಇರುತ್ತದೆ, ಹಳೆಯ ಚಿಕಿತ್ಸೆಯೇ ಮುಂದುವರಿಯುತ್ತದೆ. ಯಾರು ಯಾವ ಗುಂಪಿಗೆ ಎಂಬುದನ್ನು ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ತೀರ್ಮಾನಿಸುತ್ತದೆ.

"ಇದೆಂಥ ನ್ಯಾಯ?" ಗಂಡ ಕೇಳಿದ.

"ಫಲಿತಾಂಶ ತಿಳಿಸಿದ್ರೆ ನಿಜವಾಗ್ಲೂ ಉಪಯೋಗ ಆಗುತ್ತಾ ಅಂತ ಗೊತ್ತಾಗ್ಬೇಕಲ್ಲ, ಹೋಲಿಸಿ ನೋಡದೆ ಹೇಗೆ ಹೇಳೋದು? ಇಷ್ಟವಿಲ್ಲದಿದ್ರೆ ಬೇಡ. ಮಧ್ಯೆ ಬಿಟ್ಟುಹೋಗೋಕೂ ಅಡ್ಡಿಯಿಲ್ಲ."

ಅವಳು ಎರಡು ದಿನ ಯೋಚಿಸಿ ಸಹಿ ಹಾಕಿದಳು.

ಪರೀಕ್ಷೆಯ ದಿನ ತಣ್ಣನೆಯ ಮೇಜಿನ ಮೇಲೆ ಮಲಗಿ ಚಾವಣಿಯ ಚೌಕಗಳನ್ನು ಎಣಿಸುತ್ತಿದ್ದಳು. ಔಷಧಿ ಬಿಡುತ್ತೇವೆ ಅಂದರು. ಸ್ವಲ್ಪ ಹೊತ್ತಿಗೆ ಆ ಮೊಣಕೈ ಬಂತು. ಅದೇ ಜಾಗ, ಅದೇ ಒತ್ತು, ಅದೇ ದವಡೆ.

"ನೋವಿದೆಯಾ ಅಮ್ಮಾ?" ನರ್ಸ್ ಕೇಳಿದಳು.

"ಇದೇ. ಇದೇ ಅದು." ಹೇಳುತ್ತಿದ್ದ ಹಾಗೆ ಕಣ್ಣೀರು ಕಿವಿಗೆ ಇಳಿಯಿತು. ತಡೆಯಲಾಗದಷ್ಟು ನೋವೆಂದುಕೊಂಡು ನರ್ಸ್ ಅವಳ ಕೈ ಹಿಡಿದಳು. ನೋವಿಗೆ ಬಂದ ಅಳು ಅದಲ್ಲ. ಆದರೆ ಮೇಜಿನ ಮೇಲೆ ಮಲಗಿ ಅದನ್ನೆಲ್ಲ ಬಿಡಿಸಿ ಹೇಳುವುದು ಹೇಗೆ? ಇನ್ನೊಂದು ಔಷಧಿ ಬಿಟ್ಟರು, ನೋವು ಕರಗಿತು.

ಮನೆಗೆ ಹೊರಡುವಾಗ ತಿಳಿಯಿತು, ಅವಳದು ಲಕೋಟೆಯ ಗುಂಪು.

"ಹೇಳ್ಲಿಲ್ಲ ಅಂದ್ರೆ ಏನೂ ಇಲ್ಲ ಅಂತಲೇ ಅಲ್ವಾ?" ಬಸ್ಸಿನಲ್ಲಿ ಗಂಡ ಸಮಾಧಾನ ಮಾಡಿದ.

"ಇದೆ ರೀ. ಲಕೋಟೆ ಅವರ ಹತ್ರ ಇರ್ಲಿ. ನನಗೆ ಗೊತ್ತಾಯ್ತು."

ಅದಾದ ಮೇಲೆ ಅವಳು ಹಿಂದಿನ ಕೋಣೆಗೆ ಹೋಗಲಿಲ್ಲ. ಎದೆ ಹಿಡಿದರೆ ಗಿರಾಕಿಗಳ ಎದುರೇ ದಬ್ಬಣ ಕೆಳಗಿಟ್ಟು, "ಹತ್ತು ನಿಮಿಷ ಕಾಯಿರಿ" ಅಂದು ಸ್ಟೂಲಿನ ಮೇಲೆ ಕೂರುವಳು. ಕಣ್ಣೆದುರೇ ಬಿಳಿಚಿಕೊಳ್ಳುವ ಮುಖವನ್ನು ಗಂಡ ಈಗ ನೋಡಲೇಬೇಕಾಯಿತು. ಎರಡನೇ ತಿಂಗಳಿಂದ ಚಳಿಯ ಬೆಳಗುಗಳಲ್ಲಿ ಪ್ರೆಸ್ಸಿನ ತಿರುಪು ತಾನೇ ಬಿಗಿಯತೊಡಗಿದ. ಪುಸ್ತಕಗಳು ಸೊಟ್ಟಗಾದವು. ಒಬ್ಬ ವಕೀಲರು ಎರಡು ಕಡತ ವಾಪಸ್ ತಂದರು. "ಹೊಸಬ ಸ್ವಾಮಿ, ಕಲೀತಿದೀನಿ" ಅಂದ ಗಂಡ.

ಆರು ತಿಂಗಳ ಮೇಲೆ ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿಕೊಂಡು ಲಕೋಟೆ ಬಿಚ್ಚಿದರು. ಸಣ್ಣ ನಾಳಗಳು ಬಿಗಿದುಕೊಳ್ಳುವುದು ಖಚಿತವಾಗಿತ್ತು.

"ನೀವು ನುಂಗ್ತಿದ್ದ ಮಾತ್ರೆ ಈ ಥರದ ನೋವಿಗೆ ಸರಿಹೋಗೋದಲ್ಲ. ಬೇರೆ ಕೊಡ್ತೀನಿ. ಪೂರ್ತಿ ಹೋಗುತ್ತೆ ಅಂತ ಮಾತು ಕೊಡಲ್ಲ. ಕಡಿಮೆ ಆಗೋ ಸಾಧ್ಯತೆ ಚೆನ್ನಾಗಿದೆ."

ಅವಳು ತಲೆಯಾಡಿಸಿದಳು. ಗಂಡ ಟೋಪಿಯನ್ನು ಮಡಿಚಿ ಬಿಡಿಸಿ ಮಾಡುತ್ತಿದ್ದ. ಹೊರಗೆ ಬಂದ ಮೇಲೆ ಬಸ್ ನಿಲ್ದಾಣದ ಬೆಂಚಿನಲ್ಲಿ ಬಾಯಿಬಿಟ್ಟ.

"ಎರಡು ವರ್ಷ ಊರಿಗೆಲ್ಲ ಹೇಳ್ಕೊಂಡು ನಗಾಡಿದೆ."

"ನಗಾಡಿದ್ರಿ. ನಾನೂ ನಿಮ್ಮ ಜೊತೆ ನಕ್ಕೆನಲ್ಲ, ಅದೇ ನನಗೆ ಹೆಚ್ಚು ಬೇಜಾರು."

"ನೀನ್ಯಾಕೆ ನಕ್ಕೆ?"

"ನಗದಿದ್ರೆ ಅಳ್ಬೇಕಿತ್ತು. ಗಿರಾಕಿಗಳ ಮುಂದೆ ಅಳೋಕಾಗುತ್ತಾ?"

ಬಸ್ಸು ಬಂದಾಗ ಗಂಡ ಅವಳ ಚೀಲವನ್ನು ತಾನೇ ಎತ್ತಿಕೊಂಡ.

ಹೊಸ ಮಾತ್ರೆಗೆ ಮೊದಲ ವಾರ ಕಾಲು ಊದಿತು. ಪ್ರಮಾಣ ಬದಲಿಸಿದ ಮೇಲೆ ಮೈಗೆ ಒಗ್ಗಿತು. ವಾರಕ್ಕೆ ನಾಲ್ಕು ಸಲ ಬರುತ್ತಿದ್ದ ನೋವು ತಿಂಗಳಿಗೆ ಎರಡು ಸಲಕ್ಕೆ ಇಳಿಯಿತು. ಗಂಡನ ಅಕ್ಕ ಫೋನಿನಲ್ಲಿ, "ಹಾಗಾದ್ರೆ ನಿಜವಾಗ್ಲೂ ಇತ್ತಾ?" ಎಂದು ಎರಡೆರಡು ಸಲ ಕೇಳಿ, ಕೊನೆಗೆ ತಮ್ಮ ಮಂಡಿನೋವಿನ ವಿಷಯ ಎತ್ತಿದರು. ಅವಳು ಅರ್ಧ ಗಂಟೆ ಕೇಳಿಸಿಕೊಂಡಳು.

ಗಂಡನ ಹರಟೆ ನಿಲ್ಲಲಿಲ್ಲ, ವಿಷಯ ಬದಲಾಯಿತು ಅಷ್ಟೇ. ಈಗ ಬಂದವರಿಗೆಲ್ಲ ಸಣ್ಣ ನಾಳಗಳ ಪಾಠ. ಒಂದು ಮಧ್ಯಾಹ್ನ ಮಗಳ ಪ್ರಬಂಧ ಒಯ್ಯಲು ಬಂದಿದ್ದ ಹೆಂಗಸೊಬ್ಬಳು ಅದನ್ನು ಕೊನೆಯವರೆಗೂ ಕೇಳಿದಳು. ಪ್ರಬಂಧ ಕೈಗೆ ಬಂದ ಮೇಲೂ ಹೊರಡಲಿಲ್ಲ. ಹೊಲಿಗೆಯ ಮೇಜಿನ ಹತ್ತಿರ ಬಂದು ದನಿ ತಗ್ಗಿಸಿದಳು.

"ನನಗೂ ಎಲ್ಲ ಸರಿಯಿದೆ ಅಂದಿದಾರೆ ಅಕ್ಕಾ."

ಅವಳು ದಬ್ಬಣ ಕೆಳಗಿಟ್ಟು, ಪಕ್ಕದ ಕುರ್ಚಿಯ ಮೇಲಿದ್ದ ಕಾಗದಗಳನ್ನು ತೆಗೆದು ಜಾಗ ಮಾಡಿದಳು.

"ಕೂತ್ಕೊಳ್ಳಿ. ಎಲ್ಲಿ ನೋಯುತ್ತೆ, ಹೇಳಿ."