ಹಿತ್ತಲ ಕಟ್ಟೆಗೆ ಅಡಿಚ ಕಾಲು

ನಮ್ಮ ಹಿತ್ತಲ ಬಾಗಿಲ ಹೊಸ್ತಿಲಿನಿಂದ ನೆಲ ಒಂದಡಿಗಿಂತ ತುಸು ಹೆಚ್ಚು ಕೆಳಗಿದೆ. ಸೊಂಟದ ಎಲುಬು ಮುರಿದ ಮೇಲೆ ಆಯಿಗೆ, ಅಂದರೆ ಅಪ್ಪನ ತಾಯಿ ಕೃಷ್ಣವ್ವನಿಗೆ, ಅಷ್ಟನ್ನು ಇಳಿಯಲಾಗಿಲ್ಲ. ವಾಕರ್ ಹಿಡಿದು ಹೊಸ್ತಿಲ ತನಕ ಬರುತ್ತಾಳೆ, ದೊಡ್ಡಿಯ ಕುರಿಗಳನ್ನು ಹೆಸರು ಹಿಡಿದು ಕೂಗುತ್ತಾಳೆ, ತಿರುಗಿ ಹೋಗುತ್ತಾಳೆ.

ಹೊಸ್ತಿಲ ಮಟ್ಟಕ್ಕೆ ಹಲಗೆಯ ಕಟ್ಟೆ ಮಾಡುತ್ತೇನೆ ಎಂದೆ. ಇಟ್ಟಿಗೆಯಲ್ಲಿ ಕಟ್ಟಿದರೆ ಬಚ್ಚಲ ಪೈಪು ಮುಚ್ಚಿಹೋಗುತ್ತದೆ. ಹಲಗೆಯಾದರೆ ಒಂದನ್ನು ಬಿಚ್ಚಿ ಕೈ ಹಾಕಬಹುದು. ಅಣ್ಣ ರೇವಣಸಿದ್ಧ ದುಡಿಯುವ ಕುಪವಾಡದ ಕಾರ್ಖಾನೆಯಲ್ಲಿ, ಯಂತ್ರ ಬಂದ ಮರದ ಪೆಟ್ಟಿಗೆಗಳನ್ನು ಒಡೆದು ಗುಡ್ಡೆ ಹಾಕಿರುತ್ತಾರೆ.

"ಸಾಲಿ ಬಿಟ್ಟಾಕಿ ಎಂಜಿನಿಯರ್ ಆಗ್ಯಾಳ ನೋಡ್ರಿ," ಎಂದ ಅಣ್ಣ. ಆದರೂ ಹಲಗೆ ತಂದ.

ಕಬ್ಬಿಣದ ಚೌಕಟ್ಟಿಗಾಗಿ ವೆಲ್ಡಿಂಗ್ ಮಾಡುವ, ಮರಾಠಿ ಮಾತಿನ ಮಹಾವೀರ ಕಾಕಾಗೆ ಫೋನು ಹಚ್ಚಿಕೊಟ್ಟ. ಫೋನಿನಲ್ಲಿ ನನ್ನ ದನಿಯೇ ಏಳುವುದಿಲ್ಲ. ಉದ್ದ, ಅಗಲ ಮರಾಠಿಯಲ್ಲೇ ಹೇಳಿದೆ. ಕಾಲಿನ ಎತ್ತರಕ್ಕೆ ಬಂದಾಗ ಮನೆಯ ಮಾತು ಬಾಯಿಗೆ ಬಂತು: "ಅಡಿಚ ಪಾಹಿಜೆ, ಕಾಕಾ." ಒಂದು ಅಡಿಯಷ್ಟೇ ಸಾಕು ಎನ್ನಲು ಕನ್ನಡದ ಅಡಿಗೆ ಮರಾಠಿಯ ಚ ಹಚ್ಚಿದ್ದೆ.

ಟೆಂಪೋದಿಂದ ಇಳಿಸಿದ ಚೌಕಟ್ಟು ನನ್ನ ಸೊಂಟದ ಹತ್ತಿರ ಬಂತು.

"ಕಾಕಾ, ಅಡಿಚ ಅಂದಿದ್ದೆ!"

"ಅಡೀಚಚ ಆಹೆ ಕೀ!" ಕಾಕಾ ಟೇಪು ಹಿಡಿದು ತೋರಿಸಿದರು. ಎರಡೂವರೆ ಅಡಿ. ಮರಾಠಿಯಲ್ಲಿ ಅಡೀಚ ಎಂದರೆ ಎರಡೂವರೆ.

ಅಣ್ಣ ನಕ್ಕು ನಕ್ಕು ಕೆಳಗೆ ಕುಂತ. "ಮಾತಾಡೋದ ನಾಕ ಮಾತ, ಅದ್ರಾಗೊಂದ ಹಿಂಗ! ಆಯಿನ್ನ ಕ್ರೇನ್ ಹಚ್ಚಿ ಏರಸ್ತೀ ಏನ?"

ಕಾಲು ಕೊಯ್ಯಲು ಕಾಕಾ ಕಟರ್ ತೆಗೆದರು. ನಾನು ದೊಡ್ಡಿಯ ಕಂಬಗಳನ್ನು ನೋಡುತ್ತಿದ್ದೆ. ಮಾಲಗಾಂವದ ಈ ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಮೇಲೆ ಮೇಲೆ ಹುಗಿದ ಕಂಬಗಳೆಲ್ಲ ವಾಲಿವೆ. ಆಳಕ್ಕೆ ಹೋದವು ನೆಟ್ಟಗಿವೆ. ನಾನೋ, ಕಾಲುಗಳನ್ನು ಬರೀ ಚಪ್ಪಡಿಯ ಮೇಲೆ ನಿಲ್ಲಿಸಬೇಕೆಂದಿದ್ದೆ.

"ಥಾಂಬಾ, ಕಾಕಾ," ಎಂದು ತಡೆದೆ. "ಅಣ್ಣಾ, ನಗೋದ ಸಾಕು. ತಗ್ಗ ತೋಡು. ಹೆಚ್ಚಾಗಿದ್ದೆಲ್ಲಾ ನೆಲದಾಗ ಹೋಗತೈತಿ."

ಕಾಲುಗಳನ್ನು ತಗ್ಗಿಗಿಳಿಸಿ, ಗೌಂಡಿಗಳು ಮಾಡುವಂತೆ ನಳಿಕೆಯಲ್ಲಿ ನೀರು ತುಂಬಿ ಮಟ್ಟ ನೋಡಿ, ಕಾಂಕ್ರೀಟು ಸುರಿದೆವು. ಅದು ಗಟ್ಟಿಯಾದ ಮೇಲೆ ಹಲಗೆ ಜೋಡಿಸಿದೆ. ನೀರು ಇಳಿಯಬೇಕು, ವಾಕರಿನ ಕಾಲು ಇಳಿಯಬಾರದು. ನಡುವೆ ಪೆನ್ಸಿಲಿನಷ್ಟೇ ಸಂದು ಬಿಟ್ಟೆ.

ಆಯಿಯ ವಾಕರ್ ಹೊಸ್ತಿಲು ದಾಟಿತು. ಎಲ್ಲೂ ತಡೆಯಲಿಲ್ಲ. ನಡುಮಧ್ಯ ನಿಂತು ಅವಳು ವಾಕರನ್ನು ಎತ್ತಿ ಕುಟ್ಟಿದಳು.

"ಅಳ್ಳಾಡಂಗಿಲ್ಲಲೇ!" ಅಂಚಿನ ತನಕ ಹೋಗಿ ದೊಡ್ಡಿಯತ್ತ ಕೈ ಚಾಚಿದಳು. "ಇಷ್ಟಕ್ಕ ನಿಲ್ಲಿಸಿದಿ ಏನ? ಕುರಿ ಇನ್ನೂ ಅಲ್ಲೇ ಅದಾವಲ್ಲ."

"ಈ ಸಲ ನಾ ಮಾತಾಡ್ತೇನಿ," ಎಂದು ಅಣ್ಣ ಫೋನು ತೆಗೆದ. ಅವನ ಕೈಯಿಂದ ಕಸಿದುಕೊಂಡೆ. ಇನ್ನೊಂದು ಚೌಕಟ್ಟು ಬೇಕೆಂದು ಕಾಕಾಗೆ ದೊಡ್ಡಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ. ಅವರು ಕಾಲಿನ ಎತ್ತರ ಕೇಳಿದರು.

"ಪಾಯ? ಅಡೀಚ, ಕಾಕಾ. ಹೋ, ಅಡೀಚಚ!"