ಶಿಕ್ಷೆಯ ಹಲಗೆ

ಕಾಲುಗಳು, ಬರೀ ಕಾಲುಗಳೇ ಕಾಣುತ್ತಿವೆ, ಬೂಟು, ಮರಳು ಮೆತ್ತಿದ ಹಿಮ್ಮಡಿ, ಅವುಗಳ ನಡುವೆ ನನ್ನ ಹೆಂಡತಿಯ ಕಂದು ಚಪ್ಪಲಿ — ಕತ್ತೆತ್ತಲು ಆಗುವುದಿಲ್ಲ, ಹಲಗೆಯ ಅಂಚು ಕುತ್ತಿಗೆಗೆ ಒತ್ತುತ್ತದೆ, ಮಣಿಕಟ್ಟುಗಳು ಆಚೀಚೆಯ ತೂತುಗಳಲ್ಲಿ, ಹಿಂದೆ ಕಳ್ಳರನ್ನು ಹೀಗೇ ಕೋಟೆ ಬಾಗಿಲಲ್ಲಿ ಸಿಕ್ಕಿಸಿ ನಿಲ್ಲಿಸುತ್ತಿದ್ದರಂತೆ, ಫೋಟೋದವನು ಹೇಳಿದ, ಬನ್ನಿ ಸಾರ್ ನೆನಪಿಗಿರಲಿ, ನಾನೇ ನಗುತ್ತಾ ತಲೆ ಕೊಟ್ಟೆ, ಅವನು ಬೀಗ ಹಾಕಿದ, ಅವಳೂ ನಗಲಿ ಅಂತ, ಬೆಳಗ್ಗೆಯಿಂದ ಮುಖ ಊದಿಸಿಕೊಂಡಿದ್ದಾಳೆ — ಊದಿದ್ದು ಎಡಗೆನ್ನೆ ಮಾತ್ರ, ಶಾಲು ಎಳೆದುಕೋ ಅಂದರೆ ಎಳೆದುಕೊಂಡಳು, ಅಷ್ಟರ ಮಟ್ಟಿಗೆ ಹೇಳಿದ್ದು ಕೇಳುತ್ತಾಳೆ. ಲಾಡ್ಜಿನ ಬಚ್ಚಲಲ್ಲಿ ನಲ್ಲಿ ಪೂರ್ತಿ ತಿರುಗಿಸಿದ್ದೆ, ಸದ್ದು ಹೊರಗೆ ಹೋಗದ ಹಾಗೆ, ಬಿಳಿ ಟೈಲ್ಸಿಗೆ ಕೆನ್ನೆ ಒತ್ತಿ ಹಿಡಿದು ಕೇಳಿದೆ, ಅಣ್ಣನ ಮನೆಗೆ ಹೋಗಲ್ಲ ಅನ್ನು, ಒಂದೇ ಮಾತು, ಹೋಗಲ್ಲ ಅನ್ನು, ಅನ್ನಲಿಲ್ಲ, ಮತ್ತೆ ಅಪ್ಪಳಿಸಿದೆ, ತಪ್ಪು ಯಾರದು, ಸಮುದ್ರ ತೋರಿಸಲು ಕರೆತಂದ ಗಂಡನಿಗೆ ಇನ್ನು ನಿಮ್ಮ ಜೊತೆ ಇರಲ್ಲ ಅನ್ನುವುದಾ, ನಾನು ವ್ಯಾಯಾಮದ ಮೇಷ್ಟ್ರು, ಇಡೀ ಮೈದಾನ ನನ್ನ ಸೀಟಿಯ ಸದ್ದಿಗೆ ಹೆದರುತ್ತದೆ, ಬಾಸುಂಡೆ ಬರುವಂತೆ ನನ್ನ ಏಟು ತಿಂದ ಹುಡುಗರೇ ಕಪ್ ಗೆದ್ದು ಬಂದು ಕೈ ಕುಲುಕಿದ್ದಾರೆ, ಇವಳೊಬ್ಬಳು — ಆಮೇಲೆ ದೀಪಸ್ತಂಭ ತೋರಿಸಿದೆ, ತುಕ್ಕು ಹಿಡಿದ ಫಿರಂಗಿಗಳನ್ನು ತೋರಿಸಿದೆ, ಐಸ್‌ಕ್ರೀಮ್ ಕೊಡಿಸಿದರೆ ತಿನ್ನದೆ ಕೆನ್ನೆಗೆ ಒತ್ತಿಕೊಂಡು ಕೂತಳು, ನನ್ನ ಮಾನ ಕಳೆಯಲೆಂದೇ, ಆ ಫಿರಂಗಿಯ ಮೂತಿಗೇ ಅವಳ ಮುಖ ಜಜ್ಜಬೇಕು ಅನಿಸಿತು, ಜನ ಇದ್ದರು.

ಸಾಕು ತೆಗಿಯಯ್ಯ, ಕತ್ತು ನೋಯ್ತಿದೆ. ಒಂದು ನಿಮಿಷ ಸಾರ್, ಮೇಡಂ ಮುಂದೆ ಬನ್ನಿ, ಇಲ್ಲಿಗೆ ಬಂದ ಹೆಂಗಸರೆಲ್ಲ ಒಂದೇಟು ಹಾಕಿಯೇ ಹೋಗೋದು, ಸುಮ್ನೆ ಕೈ ಎತ್ತಿ. ಹಾಕಮ್ಮ ಹಾಕು, ಇಂಥ ಚಾನ್ಸ್ ಮತ್ತೆ ಸಿಗಲ್ಲ, ಆಮೇಲೆ ನಮ್ಮೆಜಮಾನ್ರನ್ನೂ ಇದಕ್ಕೇ ಸಿಗಿಸ್ತೀನಿ, ಯಾವುದೋ ಮುದುಕಿಯ ದನಿ, ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ, ಜೊಲ್ಲು ಇಳಿಯುತ್ತದೆ, ಒರೆಸಲು ಕೈಯಿಲ್ಲ, ಕಂದು ಚಪ್ಪಲಿಗಳು ಹತ್ತಿರ ಬರುತ್ತವೆ, ಮೊದಲ ಏಟು ಮೆತ್ತಗೆ, ಕ್ಯಾಮೆರಾ ಟಕ್ ಅನ್ನುತ್ತದೆ, ಎರಡನೆಯದಕ್ಕೆ ಕಿವಿ ಗುಂಯ್‌ಗುಡುತ್ತದೆ, ಜನ ಹೋ ಅನ್ನುತ್ತಾರೆ, ಲಾಡ್ಜಿಗೆ ಬಾ, ಚರ್ಮ ಸುಲೀತೀನಿ, ಅವಳಿಗಷ್ಟೇ ಕೇಳುವ ಹಾಗೆ ಅನ್ನುತ್ತೇನೆ, ಅವಳು ಬಗ್ಗುತ್ತಾಳೆ, ಶಾಲು ಮರಳಿಗೆ ಬೀಳುತ್ತದೆ, ಹೋಗ್ತೀನಿ, ಅಣ್ಣನ ಮನೆಗೆ ಹೋಗ್ತೀನಿ, ಕೇಳಿಸ್ತೇನ್ರೀ, ಮೂರನೆಯದು ಬಾಯಿಗೇ, ತುಟಿ ಹಲ್ಲಿಗೆ ಸಿಕ್ಕಿ ಒಡೆಯುತ್ತದೆ, ಕೆಂಪು ಹನಿ ಮರಳಲ್ಲಿ ಇಂಗುತ್ತದೆ, ನಗು ನಿಂತಿದೆ, ಮೇಡಂ ಸಾಕು ಬಿಡಿ, ಫೋಟೋದವನ ಬೂಟು ಮುಂದೆ ಬರುತ್ತದೆ — ನೀನು ಸುಮ್ನಿರಪ್ಪ, ಆ ಹುಡುಗಿ ಕೆನ್ನೆ ನೋಡು, ಅಂದದ್ದು ಅದೇ ಮುದುಕಿ, ಬೂಟು ನಿಲ್ಲುತ್ತದೆ, ಹಿಂದಕ್ಕೆ ಸರಿಯುತ್ತದೆ, ಬೀಗ ತೆಗಿಯಯ್ಯ ಅನ್ನಲು ಬಾಯಿ ತುಂಬಾ ರಕ್ತ, ಎಲ್ಲ ಕಾಲುಗಳೂ ನೆಟ್ಟ ಹಾಗೆ ನಿಂತಿವೆ, ಅವಳ ಎಡಗಾಲಲ್ಲಿ ಕಂದು ಚಪ್ಪಲಿ, ಬಲಗಾಲಲ್ಲಿ ಇಲ್ಲ, ಬಲಗಾಲು ಬರಿದು, ಬೆರಳುಗಳು ಮರಳನ್ನು ಒತ್ತಿ ಹಿಡಿದಿವೆ, ಚಪ್ಪಲಿ ಎಲ್ಲಿ, ಬಲಗಾಲು ಬರಿದು, ಬರಿಗಾಲು —