ಹೋಗಿಬರ್ತೀನಿ ಅಂದ ಮಗಳು

ಹೊಲಿಗೆಯವಳ ಮಗಳು ಬೀದಿಯ ತೆರೆದ ಮೋರಿಗೆ ಬಿದ್ದು ತೀರಿಕೊಂಡ ಮೇಲೆ ವಿಶ್ವವಿದ್ಯಾಲಯದವರು ಬಂದರು. ಬೇರೆಯವರ ಹಾಗೆ ಫೋಟೋ ಹಿಡಿದು ಹೋಗಿಬಿಡಲಿಲ್ಲ. ಅವರಲ್ಲಿ ಪಾಠ ಹೇಳುವ ಮೇಡಂ ಒಬ್ಬರು ಬೀದಿಯವರನ್ನೂ ತಮ್ಮ ಹುಡುಗ ಹುಡುಗಿಯರನ್ನೂ ಒಟ್ಟಿಗೆ ಕೂರಿಸಿಕೊಂಡು, ಮೋರಿಯ ಅಳತೆ ತೆಗೆಸಿ, ನಗರಸಭೆಯ ಮೆಟ್ಟಿಲು ಸವೆಸಿದರು. ವರ್ಷಕ್ಕೊಂದು ಹೊಸ ತಂಡ ಬರುತ್ತಿತ್ತು. ಹತ್ತಿರದ ಶಾಲೆಯ ಕೋಣೆಯಲ್ಲಿ ಪ್ರತಿ ತಂಡದ ಮುಂದೆಯೂ ಹೊಲಿಗೆಯವಳು ನಿಂತು ಮಗಳ ಕತೆ ಹೇಳಬೇಕು. "ನಮ್ಮ ಪಾಠ ಈ ಅಮ್ಮನಿಂದಲೇ ಶುರು" ಎನ್ನುತ್ತಿದ್ದರು ಮೇಡಂ.

ಮೊದಲ ವರ್ಷ ಮಾತಿಗಿಂತ ಅಳುವೇ ಹೆಚ್ಚು. ಬರುಬರುತ್ತಾ ಕತೆ ನಾಲಗೆಗೆ ಒಗ್ಗಿತು. ಎಲ್ಲಿ ತಡೆದು ನಿಂತರೆ ಹುಡುಗಿಯರು ಕಣ್ಣೊರೆಸಿಕೊಳ್ಳುತ್ತಾರೆ ಎಂಬುದೂ ತಿಳಿಯಿತು. ಅದರಿಂದ ಬೀದಿಗೆ ಒಳ್ಳೆಯದೇ ಆಯಿತೆನ್ನಿ. ಕಡೆಗೂ ಮೋರಿಯ ಮೇಲೆ ಚಪ್ಪಡಿ ಕೂತಿತು.

ಆ ವರ್ಷ ಅವಳ ಗಂಡನೂ ಅಂಗಡಿ ಮುಚ್ಚಿ ಬಂದ. ಅವನದು ಬೀಗ ರಿಪೇರಿ. ಮಗಳು ಹೋದಂದಿನಿಂದ ಅವನ ಬಾಯಿಗೇ ಬೀಗ ಬಿದ್ದಿದೆ ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಹಿಂದಿನ ಬೆಂಚಿನಲ್ಲಿ ಕೂತು, ಹೆಂಡತಿಯ ಕತೆಯನ್ನು ಮೊದಲ ಸಲ ಪೂರ್ತಿ ಕೇಳಿದ.

"ಹಟ ಅಂದ್ರೇನು ಅಂತ ಗೊತ್ತಿಲ್ಲದ ಮಗು," ಎಂದಳು ಅವಳು. "ಬಾಗಿಲಲ್ಲಿ ತಿರುಗಿ ನಿಂತು, ಅಮ್ಮಾ ಹೋಗಿಬರ್ತೀನಿ ಅಂದ್ಲು. ಅದೇ ಕಡೇ ಮಾತು."

ಮನೆಯ ಬಾಗಿಲಿಗೆ ಬಂದ ಮೇಲೆ ಅವನು ಕೇಳಿದ:

"ಯಾರ ಮಗಳ ಕತೆ ಹೇಳಿದೆ ಇವತ್ತು?"

"ಇದೇನ್ರೀ ಹೀಗಂತೀರಿ?"

"ನಮ್ಮ ಪಿಟೀಲಿಗೆ ಹಟ ಗೊತ್ತಿರಲಿಲ್ವಂತೆ."

ಹೊತ್ತುಗೊತ್ತಿಲ್ಲದೆ ರಾಗ ಎಳೆಯುತ್ತಿದ್ದಳೆಂದು ಮಗಳಿಗೆ ಅವನೇ ಇಟ್ಟ ಹೆಸರು ಅದು.

"ಬಾಚಣಿಗೆ ಕಂಡ್ರೆ ಭೂಮಿ ಆಕಾಶ ಒಂದು ಮಾಡ್ತಿದ್ಲಲ್ಲೇ."

ಅವಳಿಗೆ ನಗು ಬಂದೇಬಿಟ್ಟಿತು. ಅವನು ನಗಲಿಲ್ಲ.

"ಅವತ್ತೂ ಅಷ್ಟೇ. ಜಡೆ ಬಿಗಿಯಾಯ್ತು ಅಂತ ಮುಖ ಊದಿಸ್ಕೊಂಡು ಹೋದ್ಲು. ಹೋಗಿಬರ್ತೀನಿ ಅನ್ನಲೇ ಇಲ್ಲ."

"ಅಂದ್ಲು ಕಣ್ರೀ. ಕಣ್ಣಿಗೆ ಕಟ್ಟಿದ ಹಾಗಿದೆ ನನಗೆ."

"ಸಂಜೆ ಎದೆ ಬಡ್ಕೊಂಡು ನೀನೇ ಹೇಳಿದ್ದು. ಒಂದು ಮಾತೂ ಆಡದೆ ಹೋದ್ಲಲ್ಲ ಅಂತ."

ಅವಳು ಹೊಸ್ತಿಲ ಮೇಲೆ ಕೂತಳು. ಮೆಲ್ಲಗೆ ನೆನಪಾಯಿತು. ಎರಡನೆಯ ತಂಡವೋ ಮೂರನೆಯದೋ, ಒಬ್ಬ ಹುಡುಗಿ ಕೇಳಿದ್ದಳು: "ಅಮ್ಮ, ಕೊನೇಗೆ ಅವಳು ಏನಂದ್ಲು?" ಕೋಣೆಗೆ ಕೋಣೆಯೇ ಉಸಿರು ಬಿಗಿಹಿಡಿದು ಕಾದಿತ್ತು. ಅಷ್ಟು ದೂರ ಬಂದ ಮಕ್ಕಳನ್ನು ಬರಿಗೈಲಿ ಕಳಿಸುವುದು ಹೇಗೆ? ಬಾಯಿಗೆ ಬಂದ ಮಾತು ಕೊಟ್ಟಿದ್ದಳು. ಮರುವರ್ಷ ಯಾರೂ ಕೇಳದಿದ್ದರೂ ಆ ಮಾತು ತಾನಾಗಿಯೇ ಬಂದಿತ್ತು.

ಈಗ ಕಣ್ಣು ಮುಚ್ಚಿ, ಮುಖ ಊದಿಸಿಕೊಂಡ ಮಗಳನ್ನು ಹುಡುಕಿದಳು. ಬಾಗಿಲಲ್ಲಿ ನಗುತ್ತಾ ನಿಂತವಳೇ ಬಂದಳು. ಮತ್ತೆ ಹುಡುಕಿದಳು. ಮತ್ತೆ ಅವಳೇ.

"ರೀ, ನನಗೆ ಸಿಗ್ತಾನೇ ಇಲ್ಲ ಅವಳು," ಎಂದಳು. "ನೀವು ಹೇಳಿ. ನೀವು ಯಾರಿಗೂ ಹೇಳಿಲ್ವಲ್ಲ, ನಿಮ್ಮ ಹತ್ರ ಹಾಗೇ ಇರ್ತಾಳೆ."

ಅವನು ಪಕ್ಕದಲ್ಲಿ ಕೂತ. ಹೇಳಿ ಅಭ್ಯಾಸವಿಲ್ಲದವನು. ಹಿಂದಿನದು ಮುಂದೆ, ಮುಂದಿನದು ಹಿಂದೆ. ಗಿರಾಕಿಯ ಕೀಲಿಕೈ ಬಾಯಲ್ಲಿ ಅಡಗಿಸಿಕೊಂಡು ಓಡಿದ್ದು, ಗುಡುಗಿಗೆ ಹೆದರಿ ಅವನ ಅಂಗಿಯ ತುದಿ ಹಿಡಿದು ಮಲಗಿದ್ದು, ಹಲ್ಲು ಬಿದ್ದದ್ದಕ್ಕೆ ಕನ್ನಡಿಗೆ ಬೈದದ್ದು. ಅವಳು ಎಲ್ಲೂ ತಿದ್ದಲಿಲ್ಲ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಆ ಹುಡುಗಿಯರ ಹಾಗೆಯೇ ಕೇಳಿದಳು.

ಅವನು ನಿಲ್ಲಿಸಿದ.

"ಆಮೇಲೆ?" ಎಂದಳು.

"ಆಮೇಲೆ ಏನಿಲ್ಲ ಕಣೇ," ಎಂದ ಅವನು. "ಆರು ವರ್ಷದ ಮಗು. ಇಷ್ಟೇ ಇರೋದು."